‘ಇ.ಟಿ.’ ನೋಡಿದವರಲ್ಲಿ ಯಾರ ಮಾತು ನಂಬಬೇಕು?

ಪ್ರಶ್ನೆ: ನಾನು ಗೌರಿಬಿದನೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಾಲ್ಕರಿಂದ ಏಳನೇ ತರಗತಿವರೆಗಿನ ಮಕ್ಕಳಿಗೆ ದಸರಾ ರಜೆಗೆ ಮುಂಚೆ ‘ಇ.ಟಿ.’ ಸಿನಿಮಾ ತೋರಿಸಬೇಕೆಂದಿದ್ದೇನೆ. ಆದರೆ ನೋಡಿದವರ ಅಭಿಪ್ರಾಯ ಕೇಳಿದಷ್ಟೂ ಗೊಂದಲವಾಗುತ್ತಿದೆ. ಒಬ್ಬರು ‘ಇಂಥ ಸಿನಿಮಾ ಇನ್ನೊಂದಿಲ್ಲ, ಅತ್ತುಬಿಟ್ಟೆ’ ಅನ್ನುತ್ತಾರೆ. ಇನ್ನೊಬ್ಬರು ‘ಹಳೇ ರಬ್ಬರ್ ಗೊಂಬೆ, ನಿದ್ದೆ ಬಂತು’ ಅನ್ನುತ್ತಾರೆ. ‘ನನ್ನ ಮಗಳು ರಾತ್ರಿಯೆಲ್ಲಾ ಬೆಚ್ಚಿಬಿದ್ದಳು’ ಎಂದವರೂ ಇದ್ದಾರೆ. ಇದೆಲ್ಲ ‘ಜಾದೂ’ ಸಿನಿಮಾದ ನಕಲು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಇನ್ನೊಂದು ಚಿಂತೆ: ನಮ್ಮ ಐದನೇ ತರಗತಿಯಲ್ಲಿ ಅಪ್ಪ ಮನೆ ಬಿಟ್ಟುಹೋದ ಹುಡುಗನೊಬ್ಬನಿದ್ದಾನೆ, ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾನೆ. ಅವನನ್ನು ಈ ಸಿನಿಮಾಕ್ಕೆ ಕೂರಿಸಬಹುದೇ?

ಉತ್ತರ:

ತೋರಿಸಿ ಮೇಡಂ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಅಭಿಪ್ರಾಯಗಳ ವಿಚಾರಕ್ಕೆ ಆಮೇಲೆ ಬರೋಣ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಶಾಲೆಗಳಲ್ಲಿ ಮಕ್ಕಳಿಗೆ ಸಿನಿಮಾ ತೋರಿಸಿ, ಮುಗಿದ ಮೇಲೆ ಅವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ‘ಇ.ಟಿ.’ಯನ್ನು ಸಣ್ಣ ಮಕ್ಕಳ ನಡುವೆ ನೋಡಿದ್ದೇನೆ, ಹೈಸ್ಕೂಲಿನವರ ನಡುವೆ ನೋಡಿದ್ದೇನೆ, ಮೇಷ್ಟ್ರುಗಳ ನಡುವೆಯೂ ನೋಡಿದ್ದೇನೆ. ನೀವು ಕೇಳಿದ ಅಭಿಪ್ರಾಯಗಳಲ್ಲಿ ನಕಲಿನ ಮಾತೊಂದು ಬಿಟ್ಟರೆ ಉಳಿದದ್ದು ಯಾವುದೂ ಸುಳ್ಳಲ್ಲ. ಅತ್ತವರು ನಿಜವಾಗಿ ಅತ್ತಿದ್ದಾರೆ, ನಿದ್ದೆ ಹೋದವರಿಗೆ ನಿಜವಾಗಿ ನಿದ್ದೆ ಬಂದಿದೆ. ಯಾವ ವಯಸ್ಸಿನಲ್ಲಿ, ಯಾರ ಪಕ್ಕ ಕೂತು ನೋಡಿದರು ಎಂಬುದನ್ನು ಮಾತ್ರ ಅವರು ಹೇಳಿಲ್ಲ. ಈ ಸಿನಿಮಾದ ಮಟ್ಟಿಗೆ ಅದು ಗೊತ್ತಿಲ್ಲದಿದ್ದರೆ ಅವರ ಮಾತು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ನೋಡದ ಓದುಗರಿಗಾಗಿ ಎರಡು ಮಾತು. ‘ಇ.ಟಿ.’ ಅಮೆರಿಕದಲ್ಲಿ 1982ರ ಜೂನ್‌ನಲ್ಲಿ ಬಿಡುಗಡೆಯಾಯಿತು. ನಿರ್ದೇಶನ ಸ್ಟೀವನ್ ಸ್ಪೀಲ್‌ಬರ್ಗ್, ಚಿತ್ರಕಥೆ ಮೆಲಿಸ್ಸಾ ಮ್ಯಾಥಿಸನ್. ಗಿಡಗಳನ್ನು ಸಂಗ್ರಹಿಸಲು ಭೂಮಿಗೆ ಬಂದ ಅನ್ಯಗ್ರಹದ ಜೀವಿಗಳಲ್ಲಿ ಒಂದು ಇಲ್ಲೇ ಉಳಿದುಹೋಗುತ್ತದೆ. ಎಲಿಯಟ್ ಎಂಬ ಹತ್ತು ವರ್ಷದ ಹುಡುಗ ಅದನ್ನು ತನ್ನ ಕೋಣೆಯಲ್ಲಿ ಬಚ್ಚಿಡುತ್ತಾನೆ. ಅಣ್ಣ ಮೈಕೆಲ್, ಪುಟ್ಟ ತಂಗಿ ಗರ್ಟಿ ಈ ಗುಟ್ಟಿನಲ್ಲಿ ಪಾಲುದಾರರು. ಸರ್ಕಾರದವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಅದನ್ನು ಅದರ ಮನೆಗೆ ಕಳಿಸಿಕೊಡುವುದೇ ಮಕ್ಕಳ ಹಟ. ಹನ್ನೊಂದು ವರ್ಷ, 1993ರಲ್ಲಿ ‘ಜುರಾಸಿಕ್ ಪಾರ್ಕ್’ ಬರುವವರೆಗೂ, ಜಗತ್ತಿನಲ್ಲಿ ಅತಿ ಹೆಚ್ಚು ಹಣ ಗಳಿಸಿದ ಸಿನಿಮಾ ಇದೇ ಆಗಿತ್ತು.

ಅಷ್ಟು ಜನ ನೋಡಿದ್ದು ಅನ್ಯಗ್ರಹದ ಜೀವಿಗಾಗಿ ಎಂದು ನನಗೆ ಅನ್ನಿಸುವುದಿಲ್ಲ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ಊಟದ ದೃಶ್ಯ ಬರುತ್ತದೆ. ಎಲಿಯಟ್ ರಾತ್ರಿ ಏನನ್ನೋ ನೋಡಿದ್ದಾನೆ, ಮನೆಯಲ್ಲಿ ಯಾರೂ ನಂಬುತ್ತಿಲ್ಲ. ಅಪ್ಪನಾದರೆ ನಂಬುತ್ತಿದ್ದರು ಅನ್ನುತ್ತಾನೆ. ಹಾಗಾದರೆ ಅಪ್ಪನಿಗೇ ಫೋನ್ ಮಾಡಿ ಹೇಳು ಅನ್ನುತ್ತಾಳೆ ಅಮ್ಮ. ಆಗುವುದಿಲ್ಲ, ಅಪ್ಪ ಇನ್ನೊಬ್ಬಳ ಜೊತೆ ಮೆಕ್ಸಿಕೊದಲ್ಲಿದ್ದಾರೆ ಎಂದು ಹುಡುಗ ಬಾಯಿಬಿಡುತ್ತಾನೆ. ಅಮ್ಮ ಎದ್ದು ಪಾತ್ರೆ ತೊಳೆಯುವ ಸಿಂಕಿನ ಕಡೆ ತಿರುಗುತ್ತಾಳೆ. ಅಣ್ಣನಿಗೆ ತಮ್ಮನ ಮೇಲೆ ಕೆಂಡದಂಥ ಕೋಪ. ಇಡೀ ಸಿನಿಮಾ ಅಲ್ಲಿದೆ. ಸ್ಪೀಲ್‌ಬರ್ಗ್ ಅವರ ತಂದೆತಾಯಿ ಬೇರೆಯಾಗಿದ್ದರು. ಆ ಕಾಲದಲ್ಲಿ ತಾನು ಮನಸ್ಸಿನಲ್ಲೇ ಕಟ್ಟಿಕೊಂಡ ಗೆಳೆಯನಿಂದ ಈ ಕಥೆ ಹುಟ್ಟಿತೆಂದು ಅವರೇ ಹೇಳಿದ್ದಾರೆ.

ಮುಂದೆ ಗ್ಯಾರೇಜಿನಲ್ಲಿ ಇನ್ನೊಂದು ದೃಶ್ಯ. ಅಣ್ಣತಮ್ಮ ಇಬ್ಬರೂ ಹಳೆ ಸಾಮಾನು ಹುಡುಕುತ್ತಿರುವಾಗ ಅಪ್ಪನ ಅಂಗಿ ಸಿಗುತ್ತದೆ. ಮೂಸಿ ನೋಡುತ್ತಾರೆ. ಅಪ್ಪ ಹಚ್ಚಿಕೊಳ್ಳುತ್ತಿದ್ದ ಲೋಷನ್ ಯಾವುದು ಎಂದು ಒಬ್ಬ ಒಂದು ಹೆಸರು ಹೇಳುತ್ತಾನೆ, ಇನ್ನೊಬ್ಬ ಬೇರೆ ಹೇಳುತ್ತಾನೆ. ಅಷ್ಟೇ, ಮುಗಿಯಿತು. ಯಾರೂ ಅಳುವುದಿಲ್ಲ, ಸಂಗೀತ ಏರುವುದಿಲ್ಲ. ದೊಡ್ಡವರ ಅಭಿಪ್ರಾಯಗಳಲ್ಲಿ ಈ ದೃಶ್ಯದ ಮಾತು ಬರುವುದೇ ಇಲ್ಲ, ಚಂದ್ರನ ಮುಂದೆ ಹಾರುವ ಸೈಕಲ್ ಮಾತ್ರ ಎಲ್ಲರ ಬಾಯಲ್ಲಿ. ಸಿನಿಮಾ ಮುಗಿದ ಮೇಲೆ ಕೆಲವು ಮಕ್ಕಳು ಮಾತ್ರ ತಾವಾಗಿಯೇ ಅಂಗಿಯ ಮಾತೆತ್ತುತ್ತಾರೆ. ಯಾಕೆಂದು ಕೇಳಬೇಕಾಗಿಲ್ಲ.

ಈಗ ಅತ್ತವರ ವಿಚಾರ. ‘ನಾನು ಚಿಕ್ಕವನಿದ್ದಾಗ ನೋಡಿದ್ದೆ, ಈಗಲೂ ಕಣ್ಣೀರು ಬರುತ್ತದೆ’ ಅನ್ನುವವರು ಸಿನಿಮಾದ ಜೊತೆಗೆ ತಮ್ಮ ಬಾಲ್ಯವನ್ನೂ ನೋಡುತ್ತಿರುತ್ತಾರೆ. ಅವರ ಕಣ್ಣೀರಿಗೆ ನನ್ನ ಗೌರವವಿದೆ, ಆದರೆ ನಿಮ್ಮ ನಾಲ್ಕನೇ ತರಗತಿಯ ಮಗುವಿಗೆ ಏನನ್ನಿಸೀತು ಎಂಬುದಕ್ಕೆ ಅದು ಸಾಕ್ಷಿಯಲ್ಲ. ನಿದ್ದೆ ಬಂತು ಅಂದವರು ಬಹುಪಾಲು ಇಪ್ಪತ್ತು ದಾಟಿದ ಮೇಲೆ, ಒಬ್ಬರೇ, ಮೊಬೈಲಿನಲ್ಲಿ ನೋಡಿದವರು. ಮೊದಲ ಕೆಲವು ನಿಮಿಷ ಕಾಡು, ಕತ್ತಲೆ, ಟಾರ್ಚಿನ ಬೆಳಕು, ಸೊಂಟದಲ್ಲಿ ಝಣಗುಡುವ ಬೀಗದ ಕೈ ಗೊಂಚಲು, ಮಾತೇ ಇಲ್ಲ. ಅಂಗೈಯಗಲದ ಪರದೆಯಲ್ಲಿ ಅದು ಬರೀ ಕಪ್ಪು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದೇ ಕತ್ತಲೆಗೆ ಮಕ್ಕಳು ಪಕ್ಕದವರ ತೋಳು ಹಿಡಿದುಕೊಳ್ಳುತ್ತಾರೆ. ನಾನು ಕಂಡಂತೆ ನಾಲ್ಕು, ಐದನೇ ತರಗತಿಯವರಿಗೆ ಈ ಸಿನಿಮಾ ನಿಧಾನ ಅನ್ನಿಸುವುದೇ ಇಲ್ಲ. ಚಡಪಡಿಸುವವರು ಎಂಟು, ಒಂಬತ್ತನೆಯವರು. ನಿಮ್ಮ ಏಳನೆಯ ಹುಡುಗರು ಮೊದಲ ಅರ್ಧ ಗಂಟೆ ಗುಸುಗುಸು ಅಂದರೆ ಗದರಬೇಡಿ. ಕಪ್ಪೆಗಳ ದೃಶ್ಯ ಬಂದಾಗ ತಾವೇ ಸುಮ್ಮನಾಗುತ್ತಾರೆ.

ಎಲ್ಲರಿಗಿಂತ ಕಿವಿಗೊಡಬೇಕಾದದ್ದು ಮಕ್ಕಳ ಜೊತೆ ಕೂತು ನೋಡಿದ ತಂದೆತಾಯಿಗಳ ಮಾತಿಗೆ. ಮಗಳು ಬೆಚ್ಚಿಬಿದ್ದಳು ಎಂದವರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿನಿಮಾದ ಮೂರನೇ ಒಂದು ಭಾಗ ಉಳಿದಿರುವಾಗ ಇ.ಟಿ. ಹಳ್ಳದ ಪಕ್ಕ ಬಿಳಚಿಕೊಂಡು ಬಿದ್ದಿರುವುದು ಕಾಣುತ್ತದೆ. ಬಾಹ್ಯಾಕಾಶದ ಉಡುಪು ತೊಟ್ಟವರು ಬಾಗಿಲಿನಿಂದ, ಕಿಟಕಿಯಿಂದ ಮನೆಗೆ ನುಗ್ಗುತ್ತಾರೆ. ಮನೆಯನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆಸ್ಪತ್ರೆ ಮಾಡುತ್ತಾರೆ. ಆ ದೃಶ್ಯಗಳಲ್ಲಿ ಸ್ಪೀಲ್‌ಬರ್ಗ್ ನಿಜವಾದ ಡಾಕ್ಟರುಗಳನ್ನೇ ಬಳಸಿದರು. ಅದಕ್ಕೇ ಅವರ ಮಾತು, ಅವಸರ ಎಲ್ಲ ನಾಟಕದಂತೆ ಕಾಣುವುದಿಲ್ಲ, ಅಜ್ಜನನ್ನೋ ಅಜ್ಜಿಯನ್ನೋ ಐಸಿಯುನಲ್ಲಿ ನೋಡಿದ ಮಗುವಿಗೆ ಅದು ನೇರವಾಗಿ ತಟ್ಟುತ್ತದೆ. ಸ್ವೀಡನ್ನಿನ ಸೆನ್ಸಾರಿನವರಂತೂ ಆಗ 11 ವರ್ಷದೊಳಗಿನವರು ಈ ಸಿನಿಮಾ ನೋಡಕೂಡದೆಂದರು. ದೊಡ್ಡವರನ್ನು ಮಕ್ಕಳ ಶತ್ರುಗಳಂತೆ ತೋರಿಸಿದೆ ಎಂಬುದು ಅವರ ಆಕ್ಷೇಪ. ಅಲ್ಲಿನ ಮಕ್ಕಳು ಪ್ರತಿಭಟನೆಗೆ ಇಳಿದರು! ನನಗೆ ಆ ಮಕ್ಕಳ ಪಕ್ಷವೇ ಸರಿ ಅನ್ನಿಸುತ್ತದೆ. ಆದರೆ ಸೆನ್ಸಾರಿನವರು ಇಲ್ಲದ್ದನ್ನು ಕಂಡಿರಲಿಲ್ಲ.

ಕೆಲವು ಶಾಲೆಗಳಲ್ಲಿ ಆ ಭಾಗವನ್ನು ಓಡಿಸಿ ಮುಂದಕ್ಕೆ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾವಿನ ಹತ್ತಿರ ಹೋಗದೆ ಕೊನೆಯ ಸಂತೋಷಕ್ಕೆ ಬಂದರೆ ಮಕ್ಕಳಿಗೆ ಮೋಸ ಮಾಡಿದಂತೆ, ಅವರಿಗೆ ಅದು ತಿಳಿದೂಬಿಡುತ್ತದೆ. 2002ರಲ್ಲಿ ಸ್ಪೀಲ್‌ಬರ್ಗ್ ಅವರೇ ಪೊಲೀಸರ ಕೈಯಲ್ಲಿದ್ದ ಬಂದೂಕುಗಳನ್ನು ಅಳಿಸಿ ವಾಕಿಟಾಕಿ ಹಿಡಿಸಿ ಹೊಸ ಆವೃತ್ತಿ ತಂದಿದ್ದರು. ಹಾಗೆ ಮಾಡಬಾರದಿತ್ತು ಎಂದು ಆಮೇಲೆ ಹೇಳಿ, 2012ರಲ್ಲಿ ಮೂಲ ರೂಪವನ್ನೇ ಮತ್ತೆ ಹೊರತಂದರು. ನೀವೂ ಮೂಲ ರೂಪವನ್ನೇ ತೋರಿಸಿ, ಆದರೆ ಒಂದು ಉಪಾಯ ಮಾಡಿ. ಗರ್ಟಿ ಕೊಟ್ಟ ಒಂದು ಹೂಕುಂಡ ಸಿನಿಮಾದಲ್ಲಿದೆ. ಇ.ಟಿ. ಚೆನ್ನಾಗಿದ್ದರೆ ಹೂವು ಅರಳುತ್ತದೆ, ಸೊರಗಿದರೆ ಬಾಡುತ್ತದೆ. ಶುರು ಮಾಡುವ ಮುಂಚೆ ಮಕ್ಕಳಿಗೆ ‘ಹೂಕುಂಡದ ಮೇಲೆ ಒಂದು ಕಣ್ಣಿಟ್ಟಿರಿ’ ಎಂದಷ್ಟೇ ಹೇಳಿ. ಅದನ್ನು ಗಮನಿಸುತ್ತಿರುವ ಮಗು ಆ ಭಯದ ಹೊತ್ತಿನಲ್ಲೂ ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಹೂವು ಹುಡುಕುತ್ತಿರುತ್ತದೆ. ಎಲಿಯಟ್‌ಗಿಂತ ಮೊದಲೇ ‘ಹೂವು! ಹೂವು!’ ಎಂದು ಕೂಗುವ ಮಕ್ಕಳನ್ನು ನಾನು ನೋಡಿದ್ದೇನೆ. ಆ ಕೂಗು ಕೇಳಿಸಿಕೊಳ್ಳುವುದಕ್ಕಾದರೂ ಸಿನಿಮಾ ತೋರಿಸಬೇಕು.

ರಬ್ಬರ್ ಗೊಂಬೆ ಎಂಬ ದೂರಿಗೆ ಹೆಚ್ಚು ಹೇಳಬೇಕಿಲ್ಲ. ಹೌದು, ಅದು ಗೊಂಬೆಯೇ, ಇಟಲಿಯ ಕಾರ್ಲೊ ರಾಂಬಾಲ್ಡಿ ಮಾಡಿದ್ದು. ಆ ಮುಖಕ್ಕೆ ಐನ್‌ಸ್ಟೈನ್ ಮತ್ತು ಇನ್ನಿತರ ವಯಸ್ಸಾದವರ ಫೋಟೊಗಳನ್ನು ಮುಂದಿಟ್ಟುಕೊಂಡಿದ್ದರು. ಅದಕ್ಕೇ ಇರಬೇಕು, ಮಕ್ಕಳು ಅದನ್ನು ಮರಿಯೆಂದು ಕರೆಯುವುದಿಲ್ಲ, ತಾತ ಅನ್ನುತ್ತಾರೆ. ನಕಲಿನ ಮಾತಿಗೆ ಇಸವಿಯೇ ಉತ್ತರ. ಜಾದೂ ಬಂದ ಹಿಂದಿ ಸಿನಿಮಾ ‘ಕೋಯಿ ಮಿಲ್ ಗಯಾ’ 2003ರದು, ಇದಕ್ಕಿಂತ ಇಪ್ಪತ್ತೊಂದು ವರ್ಷ ಚಿಕ್ಕದು. ಹಿಂದಕ್ಕೆ ಹೋಗುವುದಾದರೆ, ಬಂಗಾಳದ ಹಳ್ಳಿಯೊಂದರ ಕೆರೆಗೆ ಅನ್ಯಗ್ರಹದ ನೌಕೆ ಇಳಿದು, ಅದರಲ್ಲಿದ್ದ ಜೀವಿ ಒಬ್ಬ ಬಡ ಹುಡುಗನ ಜೊತೆ ಸ್ನೇಹ ಮಾಡುವ ಚಿತ್ರಕಥೆಯನ್ನು ಸತ್ಯಜಿತ್ ರಾಯ್ 1967ರಲ್ಲೇ ಬರೆದಿದ್ದರು. ಅದು ಸಿನಿಮಾ ಆಗಲಿಲ್ಲ. ಅದರ ಪ್ರತಿಗಳು ಅಮೆರಿಕದಲ್ಲಿ ಓಡಾಡಿದ್ದರಿಂದಲೇ ‘ಇ.ಟಿ.’ ಸಾಧ್ಯವಾಯಿತು ಎಂಬುದು ರಾಯ್ ಅವರ ನಂಬಿಕೆ, ಸ್ಪೀಲ್‌ಬರ್ಗ್ ಒಪ್ಪಲಿಲ್ಲ. ಏಳನೇ ತರಗತಿಯವರಿಗೆ ಈ ವಿಷಯ ಹೇಳಿ. ನಮ್ಮ ನೆಲದ ಹಳ್ಳಿ ಹುಡುಗನಿಗೂ ಇಂಥ ಕಥೆಯಲ್ಲಿ ಜಾಗವಿತ್ತೆಂದು ಅವರಿಗೆ ಗೊತ್ತಿರಲಿ.

ದೊಡ್ಡವರ ಇನ್ನೊಂದು ದೂರನ್ನು ನಾನು ಬಹಳ ಸಲ ಕೇಳಿದ್ದೇನೆ: ಮನೆಯಲ್ಲಿ ಅಷ್ಟು ದಿನ ಒಂದು ಜೀವಿ ಓಡಾಡಿಕೊಂಡಿದ್ದರೂ ತಾಯಿಗೆ ಗೊತ್ತಾಗುವುದಿಲ್ಲವಂತೆ, ನಂಬುವ ಮಾತೇ? ಅಡುಗೆಮನೆಯ ದೃಶ್ಯದಲ್ಲಿ ಅಮ್ಮ ಸಾಮಾನಿನ ಚೀಲ ಇಳಿಸಿ, ಫ್ರಿಜ್ಜಿನ ಬಾಗಿಲು ತೆಗೆದಾಗ ಅದು ಇ.ಟಿ.ಗೆ ತಗುಲಿ ಅದು ಬೀಳುತ್ತದೆ. ಗರ್ಟಿ ತೋರಿಸುತ್ತಲೇ ಇದ್ದಾಳೆ, ಅಮ್ಮ ಆ ಕಡೆ ತಿರುಗುವುದೇ ಇಲ್ಲ. ಚಿಂತಾಮಣಿ ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರೊಬ್ಬರು ಮಕ್ಕಳ ಮುಂದೆಯೇ ಈ ಪ್ರಶ್ನೆ ಎತ್ತಿದರು. ಒಬ್ಬಳು ಹುಡುಗಿ ಎದ್ದು ನಿಂತು, ‘ಕೆಲಸದಿಂದ ಬಂದಾಗ ಅಮ್ಮಂದಿರಿಗೆ ಏನೂ ಕಾಣ್ಸಲ್ಲ ಸಾರ್’ ಅಂದಳು. ಅವಳಮ್ಮ ರೇಷ್ಮೆ ಹುಳು ಸಾಕಣೆಯ ಕೂಲಿಗೆ ಹೋಗುತ್ತಿದ್ದರು. ಯಾವ ವಿಮರ್ಶಕರೂ ಆ ದೃಶ್ಯವನ್ನು ಅಷ್ಟು ಚೆನ್ನಾಗಿ ವಿವರಿಸಿದ್ದನ್ನು ನಾನು ಓದಿಲ್ಲ.

ಆ ಹುಡುಗಿಗೆ ಅದು ಹೊಳೆಯಲು ಕ್ಯಾಮೆರಾ ಕೂಡ ಕಾರಣ. ಸಿನಿಮಾದ ಬಹುಭಾಗದಲ್ಲಿ ಕ್ಯಾಮೆರಾ ಮಗುವಿನ ಎತ್ತರದಲ್ಲೇ ಇರುತ್ತದೆ. ಅಮ್ಮನೊಬ್ಬಳನ್ನು ಬಿಟ್ಟರೆ ದೊಡ್ಡವರ ಮುಖ ಕಾಣುವುದಿಲ್ಲ: ವಿಜ್ಞಾನದ ಮೇಷ್ಟ್ರು ಬರೀ ಕೋಟು, ಹುಡುಕುವವನು ಬರೀ ಸೊಂಟ ಮತ್ತು ಬೀಗದ ಕೈ. ಕೊನೆಯ ಭಾಗದಲ್ಲಷ್ಟೇ ಅವನ ಮುಖ ಕಾಣುತ್ತದೆ. ಆಗ ಅವನು ರಾಕ್ಷಸನೇನಲ್ಲ, ಹತ್ತು ವರ್ಷದವನಿದ್ದಾಗಿನಿಂದ ಇದಕ್ಕಾಗಿ ಕಾದವನು ಎಂದು ತಿಳಿಯುತ್ತದೆ. ಚಿತ್ರೀಕರಣವನ್ನೂ ಹೆಚ್ಚುಕಡಿಮೆ ಕಥೆಯ ಕ್ರಮದಲ್ಲೇ ಮಾಡಿದರು. ಹಾಗಾಗಿ ಬೀಳ್ಕೊಡುವ ದೃಶ್ಯದ ಹೊತ್ತಿಗೆ ಆ ಮಕ್ಕಳು ನಿಜವಾಗಿಯೇ ಬೀಳ್ಕೊಡುತ್ತಿದ್ದರು. ಗರ್ಟಿಯಾದ ಡ್ರೂ ಬ್ಯಾರಿಮೋರ್‌ಗೆ ಆಗ ಆರು ವರ್ಷ.

ಭಾಷೆಯ ಚಿಂತೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಸಂಭಾಷಣೆ ಇಂಗ್ಲಿಷಿನದು, ಕೆಳಗೆ ಬರುವ ಅಕ್ಷರ ಓದುವಷ್ಟು ವೇಗ ನಿಮ್ಮ ಮಕ್ಕಳಿಗೆ ಇರಲಾರದು. ನೀವು ಪಕ್ಕದಲ್ಲಿ ನಿಂತು ಅಲ್ಲೊಂದು ಇಲ್ಲೊಂದು ಮಾತು ಕನ್ನಡದಲ್ಲಿ ಹೇಳಿ, ಸಾಕು. ಪ್ರತಿ ಮಾತನ್ನೂ ಹೇಳಲು ಹೋದರೆ ಸಿನಿಮಾ ಕೆಡುತ್ತದೆ. ಇ.ಟಿ.ಗೂ ಇಂಗ್ಲಿಷ್ ಬರುವುದಿಲ್ಲ, ಗರ್ಟಿಯ ಪಕ್ಕ ಟಿವಿ ಮುಂದೆ ಕೂತು ಒಂದೊಂದೇ ಪದ ಕಲಿಯುತ್ತದೆ. ಗೌರಿಬಿದನೂರು, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗಾಡಿ ಒಂದನೇ ತರಗತಿಗೆ ಬಂದು ಕನ್ನಡ ಕಲಿತ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ.

ಇ.ಟಿ. ಬಿಯರ್ ಕುಡಿಯುವ ದೃಶ್ಯವೊಂದಿದೆ. ಅಲ್ಲಿ ಅದು ಕುಡಿದರೆ ಇಲ್ಲಿ ತರಗತಿಯಲ್ಲಿ ಎಲಿಯಟ್‌ಗೆ ಅಮಲೇರುತ್ತದೆ, ಅವನು ಕೊಯ್ಯಲು ಇಟ್ಟಿದ್ದ ಕಪ್ಪೆಗಳನ್ನೆಲ್ಲ ಬಿಟ್ಟುಬಿಡುತ್ತಾನೆ, ಒಬ್ಬ ಹುಡುಗಿಗೆ ಮುತ್ತನ್ನೂ ಕೊಡುತ್ತಾನೆ. ಎಸ್‌ಡಿಎಂಸಿಯವರಿಗೆ ಮೊದಲೇ ತಿಳಿಸಿಡಿ, ಆಮೇಲೆ ಮಾತು ಬರುವುದಿಲ್ಲ. ಮಕ್ಕಳು ನಕ್ಕು ಮುಂದೆ ಹೋಗುತ್ತಾರೆ, ಅವರ ನೆನಪಿನಲ್ಲಿ ಉಳಿಯುವುದು ಕಪ್ಪೆ.

‘ವಿಜ್ಞಾನ ಏನೂ ಇಲ್ಲ’ ಎಂಬ ಅಭಿಪ್ರಾಯವೂ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಅದು ನಿಜ. ಮಾತಾಡುವ ಆಟಿಕೆ, ಛತ್ರಿ, ಗರಗಸದ ಚಕ್ರ, ಗ್ರಾಮಫೋನು ಸೇರಿಸಿ ಇ.ಟಿ. ತನ್ನ ಮನೆಗೆ ಫೋನ್ ಮಾಡುವ ಯಂತ್ರ ಕಟ್ಟುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆಂದು ಸಿನಿಮಾ ಹೇಳುವುದಿಲ್ಲ. ಆದರೆ ಈ ಕೊರತೆ ತುಂಬಲು ನಿಮ್ಮಷ್ಟು ಅನುಕೂಲ ಇನ್ಯಾವ ಊರಿನ ಶಿಕ್ಷಕರಿಗೆ ಇದೆ? ಗೌರಿಬಿದನೂರು ಹತ್ತಿರವೇ 1976ರಿಂದ ರೇಡಿಯೊ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು. ಟಿ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳು, ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದ. ಗೊತ್ತಿಲ್ಲದವರಿಗೆ ಅದು ಹೊಲದಲ್ಲಿ ಬಟ್ಟೆ ಒಣಹಾಕಲು ಕಟ್ಟಿದ ತಂತಿಯಂತೆ ಕಾಣುತ್ತದೆ. ಅದು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟದ್ದು. ಆ ಅಲೆಯ ಉದ್ದ ಎಂಟೂವರೆ ಮೀಟರಿಗೂ ಹೆಚ್ಚು, ಆದ್ದರಿಂದಲೇ ಅಷ್ಟು ಜಾಗ, ಅಷ್ಟು ತಂತಿ ಬೇಕಾಯಿತು. ಸೂರ್ಯನಿಂದ, ದೂರದ ನಕ್ಷತ್ರಮಂಡಲಗಳಿಂದ ಬರುವ ರೇಡಿಯೊ ಅಲೆಗಳನ್ನು ಅಲ್ಲಿ ಹಿಡಿಯುತ್ತಾರೆ, ಅಲ್ಲಿಂದ ಏನನ್ನೂ ಕಳಿಸುವುದಿಲ್ಲ. ಕೇಳುವುದಕ್ಕೂ ಕರೆಯುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಇದರಿಂದಲೇ ಹೇಳಿಕೊಡಬಹುದು. ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.2 ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗಾಗಲಿ ರೇಡಿಯೊ ಅಲೆಗಾಗಲಿ ಅಲ್ಲಿಗೆ ತಲುಪಲು 4.2 ವರ್ಷ ಬೇಕು, ವಾಪಸ್ ಬರಲು ಮತ್ತೆ ಅಷ್ಟೇ. ಇ.ಟಿ.ಯ ಮನೆ ಅಲ್ಲೇ ಇದೆ ಅಂದುಕೊಂಡರೂ, ನಾಲ್ಕನೇ ತರಗತಿಯಲ್ಲಿ ‘ಹಲೋ’ ಅಂದ ಮಗುವಿಗೆ ಉತ್ತರ ಬರುವ ಹೊತ್ತಿಗೆ ಪಿಯುಸಿ ಆಗಿರುತ್ತದೆ. ಇದನ್ನು ಕೇಳಿದಾಗ ಮಕ್ಕಳ ಮುಖ ನೋಡಿ, ನಿಮಗೇ ಗೊತ್ತಾಗುತ್ತದೆ.

ಹೊಂದಿಸಿಕೊಳ್ಳಬೇಕಾದ ಕೆಲವು ವಿಷಯ. ಟಿವಿಯನ್ನು ತೀರ ಎತ್ತರಕ್ಕೆ ಇಡಬೇಡಿ, ಮಕ್ಕಳು ಜಮಖಾನದ ಮೇಲೆ ಕೂತಾಗ ಅವರ ಕಣ್ಣಿನ ಮಟ್ಟಕ್ಕೆ ಇರಲಿ. ಟಿವಿಯದೇ ಧ್ವನಿ ಸಾಲದು, ಪ್ರಾರ್ಥನೆಗೆ ಬಳಸುವ ಸ್ಪೀಕರಿಗೆ ಜೋಡಿಸಿ. ಕೊನೆಯ ಕಾಲು ಗಂಟೆಯನ್ನು ನಡೆಸುವುದು ಜಾನ್ ವಿಲಿಯಮ್ಸ್ ಅವರ ಸಂಗೀತ. ದೃಶ್ಯಕ್ಕೆ ಹೊಂದಿಸಿ ನುಡಿಸಲು ಕಷ್ಟವಾದಾಗ, ನಿಮಗೆ ಬಂದಂತೆ ನುಡಿಸಿ ಎಂದು ಹೇಳಿ, ಆಮೇಲೆ ಸಂಗೀತಕ್ಕೆ ತಕ್ಕಂತೆ ದೃಶ್ಯವನ್ನು ಕತ್ತರಿಸಿದರು ಸ್ಪೀಲ್‌ಬರ್ಗ್. ಆ ಸಂಗೀತಕ್ಕೆ ಆಸ್ಕರ್ ಬಂತು. ಅತ್ಯುತ್ತಮ ಚಿತ್ರದ ಪ್ರಶಸ್ತಿ ಮಾತ್ರ ಆ ವರ್ಷ ‘ಗಾಂಧಿ’ಗೆ ಹೋಯಿತು. ‘ಗಾಂಧಿ’ಯ ನಿರ್ದೇಶಕ ರಿಚರ್ಡ್ ಅಟೆನ್‌ಬರೋ ಅವರೇ ಅದು ‘ಇ.ಟಿ.’ಗೆ ಸಲ್ಲಬೇಕಿತ್ತು ಎಂದು ಹೇಳಿಕೊಂಡದ್ದನ್ನು ನಾನು ಅಭಿಪ್ರಾಯಗಳಲ್ಲೆಲ್ಲ ದೊಡ್ಡದೆಂದು ಎಣಿಸುತ್ತೇನೆ.

ಇನ್ನು ನಿಮ್ಮ ಐದನೇ ತರಗತಿಯ ಹುಡುಗ. ಅವನನ್ನು ಹೊರಗಿಡಬೇಡಿ. ಎಲ್ಲರೂ ನೋಡುವ ಸಿನಿಮಾದಿಂದ ಅವನೊಬ್ಬನನ್ನು ದೂರವಿಟ್ಟರೆ, ಯಾಕೆಂದು ಅವನಿಗೂ ತಿಳಿಯುತ್ತದೆ, ಉಳಿದ ಮಕ್ಕಳಿಗೂ ತಿಳಿಯುತ್ತದೆ. ಅಪ್ಪ ಇಲ್ಲದ ಮನೆಯ ಮಕ್ಕಳು ಈ ಸಿನಿಮಾ ನೋಡಿ ಕುಗ್ಗಿದ್ದನ್ನು ನಾನು ಕಂಡಿಲ್ಲ. ಎಲಿಯಟ್‌ನ ಅಪ್ಪ ಕೊನೆಗೂ ವಾಪಸ್ ಬರುವುದಿಲ್ಲ. ಬರುತ್ತಾನೆಂದು ಸಿನಿಮಾ ಆಸೆ ಹುಟ್ಟಿಸುವುದೂ ಇಲ್ಲ. ಅಣ್ಣ, ತಂಗಿ, ಅಮ್ಮ ಒಬ್ಬರಿಗೊಬ್ಬರು ಆಗುತ್ತಾರೆ, ಅಷ್ಟೇ. ಸುಳ್ಳು ಸಮಾಧಾನ ಹೇಳದಿರುವುದೇ ಈ ಸಿನಿಮಾದ ದೊಡ್ಡ ಪ್ರೀತಿ ಎಂದು ನಾನು ತಿಳಿದಿದ್ದೇನೆ.

ಆದರೆ ಮೂರು ಎಚ್ಚರಿಕೆ ಇರಲಿ. ಊಟದ ದೃಶ್ಯದ ಮಾತನ್ನು ಕನ್ನಡದಲ್ಲಿ ಜೋರಾಗಿ ಹೇಳಬೇಡಿ, ‘ಅಪ್ಪ ಊರಲ್ಲಿಲ್ಲ’ ಎಂದರೆ ಸಾಕು. ಸಿನಿಮಾ ಮುಗಿದ ಮೇಲೆ ‘ಎಲಿಯಟ್‌ಗೆ ಯಾಕೆ ಬೇಜಾರು?’ ಎಂದು ತರಗತಿಯ ಮುಂದೆ ಯಾರನ್ನೂ ಕೇಳಬೇಡಿ. ‘ನಿಮ್ಮ ಮನೆಗೆ ಇ.ಟಿ. ಬಂದರೆ ಎಲ್ಲಿ ಬಚ್ಚಿಡುತ್ತೀರಿ?’ ಎಂದು ಕೇಳಿ. ಅಟ್ಟ, ಹುಲ್ಲಿನ ಬಣವೆ, ರಾಗಿ ತುಂಬಿಟ್ಟ ಕೋಣೆ ಎಂದು ಉತ್ತರ ಹರಿದುಬರುತ್ತದೆ, ಹೇಳಬೇಕೆನಿಸಿದವರು ಉಳಿದದ್ದನ್ನೂ ಅದರ ಜೊತೆಗೇ ಹೇಳುತ್ತಾರೆ. ಅವನೇನೂ ಹೇಳದಿದ್ದರೆ ಹಾಗೇ ಬಿಡಿ.

ಮೂರನೆಯದು, ಅವನ ಅಜ್ಜಿಗೆ ಮೊದಲೇ ಹೋಗಿ ಕಥೆ ಹೇಳಿ, ಅವರನ್ನೂ ಶಾಲೆಗೆ ಕರೆಯಿರಿ. ಅವರೊಬ್ಬರನ್ನೇ ಕರೆದರೆ ಎದ್ದು ಕಾಣುತ್ತದೆ, ಬರಲು ಬಿಡುವಿರುವ ಎಲ್ಲ ಮನೆಯ ಹಿರಿಯರಿಗೂ ಹೇಳಿಕಳಿಸಿ. ಶಾಲೆಯ ಮಕ್ಕಳು, ಶಿಕ್ಷಕರು, ಪೋಷಕರಿಗಷ್ಟೇ ಶಾಲೆಯ ಚಟುವಟಿಕೆಯಾಗಿ ತೋರಿಸಲು ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಕಾಶವಿದೆ; ಟಿಕೆಟ್ ಇಡಬೇಡಿ, ಹೊರಗಿನವರನ್ನು ಸೇರಿಸಬೇಡಿ. ಅಜ್ಜಿಯಂದಿರಿಗೆ ಕುರ್ಚಿ ಹಾಕಿಸಿ, ಸಿನಿಮಾ 115 ನಿಮಿಷ ಇದೆ. ಮಧ್ಯಾಹ್ನದ ಊಟ ಮುಗಿಸಿಯೇ ಶುರುಮಾಡಿ, ನಡುವೆ ಬಿಡುವು ಕೊಡುವುದಾದರೆ ಕಪ್ಪೆಗಳ ದೃಶ್ಯ ಆದ ಮೇಲೆ ಕೊಡಿ.